ಅಮ್ಮನಿಲ್ಲದ ಮೊದಲ ಕ್ರಿಸ್ಮಸ್: ಏನನ್ನು ಉಳಿಸಲಿ, ಏನನ್ನು ಶುರು ಮಾಡಲಿ?

ಪ್ರಶ್ನೆ: ನಾವು ಬಂಟ್ವಾಳ ಕಡೆಯ ಕ್ಯಾಥೊಲಿಕ್ ಕುಟುಂಬ. ಹನ್ನೆರಡು ವರ್ಷಗಳಿಂದ ಬೆಂಗಳೂರಿನಲ್ಲಿದ್ದೇವೆ. ಪ್ರತಿ ಡಿಸೆಂಬರ್ 23ಕ್ಕೆ ರಾತ್ರಿ ಬಸ್ಸು ಹತ್ತಿ ತವರಿಗೆ ಹೋದರೆ ಮುಗಿಯಿತು. ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ), ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು), ಕೇಕ್ ಎಲ್ಲ ಅಮ್ಮನದೇ. ಕಳೆದ ಫೆಬ್ರವರಿಯಲ್ಲಿ ಅಮ್ಮ ತೀರಿಕೊಂಡರು. ಮನೆಗೆ ಬೀಗ ಹಾಕಿ ಅಪ್ಪನನ್ನು ಇಲ್ಲಿಗೆ ಕರೆದುಕೊಂಡು ಬಂದೆವು. ಮಗಳಿಗೆ ಹತ್ತು, ಮಗನಿಗೆ ಆರು. ಇನ್ನು ಮುಂದೆ ಅವರಿಗೆ ಕ್ರಿಸ್ಮಸ್ ಎಂದರೆ ಮಾಲ್‌ನಲ್ಲಿ ಸಾಂತಾ ಜತೆ ಒಂದು ಫೋಟೊ, ಅಷ್ಟೇ ಆಗಿಬಿಡುತ್ತದೇನೋ ಎಂಬ ಭಯ. ಇಂಟರ್ನೆಟ್ಟಿನಲ್ಲಿ ‘ನಿಮ್ಮ ಕುಟುಂಬಕ್ಕೆ ಐವತ್ತು ಸಂಪ್ರದಾಯಗಳು’ ಥರದ ಪಟ್ಟಿಗಳನ್ನು ಓದಿ ತಲೆ ಕೆಟ್ಟುಹೋಯಿತು. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಏನು ಶುರು ಮಾಡಿದರೆ ಮಕ್ಕಳು ಮುಂದೆ ತಮ್ಮ ಮನೆಯಲ್ಲೂ ಮಾಡಿಯಾರು? ಸಾವಾದ ವರ್ಷವೇ ಶುರು ಮಾಡಬಹುದೇ? ಇನ್ನೊಂದು ಸಣ್ಣ ವಿಷಯ: ಅಮ್ಮನ ರೋಸ್ ಕುಕ್ಕಿಯ ಕಬ್ಬಿಣದ ಅಚ್ಚು ಪೂರ್ತಿ ತುಕ್ಕು ಹಿಡಿದಿದೆ. ಬಿಸಾಡಿ ಹೊಸದು ಕೊಳ್ಳಲೇ?

ಉತ್ತರ: ಅಚ್ಚನ್ನು ಬಿಸಾಡಬೇಡಿ. ಅದರ ವಿಷಯ ಕೊನೆಗೆ ಹೇಳುತ್ತೇನೆ.

ಮೊದಲು ಆ ಐವತ್ತರ ಪಟ್ಟಿಯನ್ನು ಮುಚ್ಚಿಡಿ. ಕುಟುಂಬ ಆಪ್ತಸಲಹೆಯ ಕೆಲಸದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದಿದ್ದೇನೆ. ‘ನಿಮ್ಮ ಬಾಲ್ಯದ ನತಾಲಾಂ (ಕ್ರಿಸ್ಮಸ್) ಹೇಗಿತ್ತು, ಹೇಳಿ’ ಎಂದು ಎಷ್ಟೋ ಜನರನ್ನು ಕೇಳಿದ್ದೇನೆ. ಏನು ಉಡುಗೊರೆ ಸಿಕ್ಕಿತ್ತು ಎಂದು ಹೇಳಿದವರು ತೀರಾ ಕಡಿಮೆ. ‘ಅಣ್ಣ ಮಾವಿನ ಮರಕ್ಕೆ ನಕ್ಷತ್ರ ಕಟ್ಟುವಾಗ ಏಣಿ ಹಿಡಿಯುವುದು ನನ್ನ ಕೆಲಸ’, ‘ಗೋದಲಿಗೆ ಹೊಳೆಯಿಂದ ಮರಳು ತರುತ್ತಿದ್ದವ ನಾನು’, ‘ಪಕ್ಕದ ಮನೆಗೆ ಕುಸ್ವಾರ್ ತಟ್ಟೆ ಒಯ್ಯಲು ನಮ್ಮೊಳಗೆ ಜಗಳವೇ ಆಗುತ್ತಿತ್ತು’ ಎನ್ನುತ್ತಾರೆ. ಅರವತ್ತು ದಾಟಿದವರೂ ‘ನನ್ನ ಕೆಲಸ’ ಎನ್ನುವಾಗ ಕೊಂಚ ನೆಟ್ಟಗೆ ಕೂರುತ್ತಾರೆ.

ಹಾಗಾಗಿ ಒಂದು ರೂಢಿ ಮುಂದಿನ ತಲೆಗೆ ಹೋಗುತ್ತದೋ ಇಲ್ಲವೋ ಎಂದು ನೋಡಲು ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಇದರಲ್ಲಿ ಮಗುವಿಗೆ ಅದರದೇ ಆದ ಕೆಲಸ ಇದೆಯೇ? ಮನೆಯ ಅತಿ ಕೆಟ್ಟ ವರ್ಷದಲ್ಲೂ ಇದನ್ನು ಮಾಡಲು ಸಾಧ್ಯವೇ? ಎರಡಕ್ಕೂ ಹೌದು ಎಂದಾದರೆ ಅದು ನಿಲ್ಲುತ್ತದೆ. ಇಲ್ಲವಾದರೆ ಎಷ್ಟೇ ಚಂದವಿದ್ದರೂ ಮೂರು ವರ್ಷಕ್ಕೆ ಅಟ್ಟ ಸೇರುತ್ತದೆ.

ಮೊದಲನೆಯದಕ್ಕೆ ಸಾಕ್ಷಿ ನಮ್ಮ ಕರಾವಳಿಯಲ್ಲೇ ಇದೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಅಂದರೆ ತೆನೆ ಹಬ್ಬವನ್ನು ನೆನಪಿಸಿಕೊಳ್ಳಿ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ಒಯ್ದು ಇಗರ್ಜಿಯಲ್ಲಿ ಬಾಲ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಬೇಲಿಯಲ್ಲಿ ಏನು ಅರಳಿದೆಯೋ ಅದು: ಡೇರೆ, ದಾಸವಾಳ, ಗೋರಟೆ, ಕಾಡುಹೂವಾದರೂ ಸರಿ. ಹಬ್ಬದ ದಿನ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ, ಕಾಳು ಬಿಡಿಸಿ ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಸೇರಿ ಉಣ್ಣುತ್ತೇವೆ. ಊರಲ್ಲಿಲ್ಲದವರಿಗೆ ನಾಲ್ಕು ಕಾಳು ಲಕೋಟೆಯಲ್ಲಿಟ್ಟು ಕಳಿಸುವ ಮನೆಗಳಿವೆ. ದುಬೈಯಲ್ಲಿ, ಟೊರಾಂಟೊದಲ್ಲಿ, ಮುಂಬೈಯಲ್ಲಿ ಇರುವ ನಮ್ಮವರು ಇಂದಿಗೂ ಅದನ್ನು ಬಿಟ್ಟಿಲ್ಲ. ಅವರು ಅದರ ದೇವಶಾಸ್ತ್ರ ಓದಿಕೊಂಡು ಉಳಿಸಿಕೊಂಡರೆಂದು ನನಗೆ ಅನ್ನಿಸುವುದಿಲ್ಲ. ಆರನೇ ವಯಸ್ಸಿನಲ್ಲಿ ಮಳೆಯಲ್ಲಿ ನೆನೆಯುತ್ತ ಹೂ ಕೊಯ್ದವರು ಅವರು.

ಹೊರಗಡೆಯೂ ಗಟ್ಟಿಯಾಗಿ ನಿಂತ ಪದ್ಧತಿಗಳನ್ನು ನೋಡಿದರೆ ಇದೇ ಕಾಣುತ್ತದೆ. ಪೋಲೆಂಡಿನಲ್ಲಿ ಡಿಸೆಂಬರ್ 24ರ ರಾತ್ರಿಯೂಟಕ್ಕೆ ವಿಗಿಲಿಯಾ ಎನ್ನುತ್ತಾರೆ. ಆಕಾಶದಲ್ಲಿ ಮೊದಲ ನಕ್ಷತ್ರ ಕಾಣುವವರೆಗೆ ಊಟಕ್ಕೆ ಕೂರುವಂತಿಲ್ಲ. ನಕ್ಷತ್ರ ನೋಡುವ ಕೆಲಸ ಯಾರದು? ಮಕ್ಕಳದು. ಅಡುಗೆ ಸಿದ್ಧವಾಗಿದೆ, ದೊಡ್ಡವರಿಗೆ ಹಸಿವು, ಆದರೂ ಕಿಟಕಿಗೆ ಮೂಗು ಒತ್ತಿಕೊಂಡು ನಿಂತಿರುವ ಪುಟ್ಟ ಪೋರ ‘ಬಂತು’ ಎನ್ನದೆ ಏನೂ ನಡೆಯುವುದಿಲ್ಲ. ವರ್ಷಕ್ಕೊಂದು ಸಂಜೆ ಇಡೀ ಮನೆ ಅವನ ಮಾತಿಗೆ ಕಾಯುತ್ತದೆ. ಮೇಜಿನ ಬಟ್ಟೆಯ ಕೆಳಗೆ ಗೋದಲಿಯ ನೆನಪಿಗೆ ಒಂದಿಷ್ಟು ಒಣಹುಲ್ಲು. ಒಪ್ವಾತೆಕ್ ಎಂಬ ತೆಳ್ಳನೆಯ ಬಿಳಿ ರೊಟ್ಟಿಯನ್ನು ಒಬ್ಬರಿಗೊಬ್ಬರು ಮುರಿದು ಕೊಟ್ಟು ಹಾರೈಸುತ್ತಾರೆ. ಮತ್ತೆ ಒಂದು ತಟ್ಟೆಯನ್ನು ಹೆಚ್ಚಿಗೆ ಇಡುತ್ತಾರೆ. ಕರೆಯದೆ ಬರುವ ಅತಿಥಿಗೆ ಅದು, ಕೆಲವು ಮನೆಗಳಲ್ಲಿ ಆ ವರ್ಷ ತೀರಿಹೋದವರ ನೆನಪಿಗೆ. ನಿಮ್ಮ ಪತ್ರ ಓದುವಾಗ ನನಗೆ ಆ ತಟ್ಟೆಯೇ ಕಣ್ಣ ಮುಂದೆ ಬಂತು.

ಇಂಗ್ಲೆಂಡಿನಲ್ಲಿ ಆಗಮನ ಕಾಲಕ್ಕೆ (ಕ್ರಿಸ್ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳ ಸಿದ್ಧತೆಯ ಕಾಲ) ಮುಂಚಿನ ಭಾನುವಾರ ಕ್ರಿಸ್ಮಸ್ ಪುಡಿಂಗ್ ಕಲಸುತ್ತಾರೆ. ಮನೆಯ ಪ್ರತಿಯೊಬ್ಬರೂ ಸೌಟು ಹಿಡಿದು ಒಂದು ಸುತ್ತು ತಿರುಗಿಸಿ ಮನಸ್ಸಿನಲ್ಲಿ ಏನಾದರೂ ಬೇಡಿಕೊಳ್ಳಬೇಕು. ಇದನ್ನು ನಾವು ಎತ್ತಿಕೊಳ್ಳಲು ಅಡ್ಡಿಯೇ ಇಲ್ಲ. ಕೇಕಿಗೆ ಒಣದ್ರಾಕ್ಷಿ, ಟುಟಿಫ್ರುಟಿ, ಗೋಡಂಬಿಯನ್ನು ರಮ್‌ನಲ್ಲೋ ಕಿತ್ತಳೆ ರಸದಲ್ಲೋ ನೆನೆಹಾಕುವುದು ನಮ್ಮಲ್ಲೂ ಇದೆ. ರಮ್ ಆದರೆ ಅಕ್ಟೋಬರಿನಲ್ಲೇ ಹಾಕಿ ಭರಣಿ ಮುಚ್ಚಿಡಬಹುದು. ಕಿತ್ತಳೆ ರಸವಾದರೆ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದೊಳಗೆ ಕೇಕ್ ಮಾಡಿಬಿಡಬೇಕು, ಇಲ್ಲದಿದ್ದರೆ ಹುಳಿ ಬರುತ್ತದೆ. ಕೇಕಿನ ಹಿಟ್ಟು ಕಲಸುವಾಗ ಎಲ್ಲರಿಗೂ ಒಂದೊಂದು ಸುತ್ತು. ಅಜ್ಜನಿಗೂ.

ಇನ್ನು ಕುಸ್ವಾರ್. ನಿಮ್ಮ ತಾಯಿ ಹತ್ತು ಹನ್ನೆರಡು ಬಗೆ ಮಾಡುತ್ತಿದ್ದರೇನೋ. ನೆವ್ರಿ, ಕಿಡಿಯೊ, ಕೊಕ್ಕಿಸಾಂ (ನಿಮ್ಮ ರೋಸ್ ಕುಕ್ಕಿ), ತುಕ್ಡಿ, ಗುಳಿಯೊ, ಎಳ್ಳಿನ ಲಾಡು, ಚಕ್ಕುಲಿ. ಅಷ್ಟನ್ನೂ ನೀವು ಮಾಡಲು ಹೋಗಬೇಡಿ. ಕೂಡು ಕುಟುಂಬ, ದೊಡ್ಡ ಒಲೆ, ಸಹಾಯಕ್ಕೆ ಬರುವ ಅಕ್ಕಪಕ್ಕದವರು ಇದ್ದ ಕಾಲದ ಪಟ್ಟಿ ಅದು. ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ, ಶುಕ್ರವಾರ ರಾತ್ರಿ ಎಂಟಕ್ಕೆ ಮನೆ ಸೇರುವ ಇಬ್ಬರಿಂದ ಆಗುವಂಥದ್ದಲ್ಲ. ಒಂದು ಬಗೆಯನ್ನು ಆರಿಸಿಕೊಳ್ಳಿ. ನನ್ನ ಓಟು ಕಿಡಿಯೊಗೆ.

ಕಾರಣ ಹೇಳುತ್ತೇನೆ. ಹೆಸರೇ ಮಕ್ಕಳಿಗೆ ಅರ್ಧ ಹಬ್ಬ. ಕೊಂಕಣಿಯಲ್ಲಿ ಕಿಡಿಯೊ ಎಂದರೆ ಹುಳಗಳು! ಅರ್ಧ ಕೆ.ಜಿ. ಮೈದಾಕ್ಕೆ ಚಿಟಿಕೆ ಉಪ್ಪು, ಎರಡು ಮೂರು ಚಮಚ ಸಕ್ಕರೆ ಪುಡಿ, ಎರಡು ಚಮಚ ಬಿಸಿ ತುಪ್ಪ ಹಾಕಿ, ದಪ್ಪ ತೆಂಗಿನ ಹಾಲು ಸ್ವಲ್ಪ ಸ್ವಲ್ಪವೇ ಹೊಯ್ಯುತ್ತ ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ನಾದಿ. ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿಡಿ. ಆಮೇಲೆ ಎಲ್ಲರೂ ನೆಲದ ಮೇಲೆ ಹಳೆಯ ಪೇಪರ್ ಹಾಸಿಕೊಂಡು ಕೂರಬೇಕು. ಮೇಜಿನ ಮೇಲೆ ಬೇಡ, ನೆಲವೇ ಸರಿ. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಉಂಡೆ ತೆಗೆದು, ಎಣ್ಣೆ ಸವರಿದ ಹೊಸ ಬಾಚಣಿಗೆಯ ಹಲ್ಲುಗಳ ಮೇಲೆ ಹೆಬ್ಬೆರಳಿನಿಂದ ಚಪ್ಪಟೆಯಾಗಿ ಒತ್ತಿ, ಹಾಗೆಯೇ ತುದಿಯಿಂದ ಸುರುಳಿ ಸುತ್ತಿ ಎತ್ತಿಬಿಡಬೇಕು. ಮೈಮೇಲೆ ಸಾಲು ಸಾಲು ಗೀರು, ಒಳಗೆ ಟೊಳ್ಳು. ಫೋರ್ಕಿನ ಬೆನ್ನ ಮೇಲೂ ಮಾಡಬಹುದು, ಆದರೆ ಬಾಚಣಿಗೆಯಲ್ಲಿ ಬರುವ ಗೆರೆಯ ಚಂದವೇ ಬೇರೆ. ಜೋಡಿಸಿದ ಅಂಚು ಸರಿಯಾಗಿ ಅಂಟಿರಬೇಕು, ಇಲ್ಲದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ.

ಆರು ವರ್ಷದ ಹೆಬ್ಬೆರಳಿಗೆ ಹೇಳಿ ಮಾಡಿಸಿದ ಕೆಲಸ ಇದು. ನಿಮ್ಮ ಮಗನ ಮೊದಲ ಇಪ್ಪತ್ತು ಕಿಡಿಯೊ ಅಜ್ಜಿಬಿಜ್ಜಿಯಾಗಿರುತ್ತವೆ. ದಯವಿಟ್ಟು ಅವನ್ನು ಮತ್ತೆ ಉಂಡೆ ಮಾಡಿ ಸರಿಪಡಿಸಬೇಡಿ. ಅವನು ನೋಡುತ್ತಿರುತ್ತಾನೆ. ಸೊಟ್ಟಗಿದ್ದದ್ದು ಸೊಟ್ಟಗೇ ಕರಿಯಿರಿ. ಕರಿಯುವ ಕೆಲಸ ಮಾತ್ರ ದೊಡ್ಡವರದು: ಮಧ್ಯಮ ಉರಿ, ಎಣ್ಣೆ ತೀರಾ ಕಾಯಬಾರದು, ಬಣ್ಣ ಹೊಂಬಣ್ಣಕ್ಕೆ ತಿರುಗಿದ ಕೂಡಲೇ ತೆಗೆಯಬೇಕು. ತಣಿದ ಮೇಲೆ ಗಟ್ಟಿ ಸಕ್ಕರೆ ಪಾಕದಲ್ಲಿ ಹೊರಳಿಸಿ, ಪಾಕ ಬಿಳಿಯಾಗಿ ಮೈಗೆ ಹತ್ತುವವರೆಗೆ ಆಡಿಸುತ್ತಿರಿ. ಡಬ್ಬಿಯಲ್ಲಿ ಗಾಳಿಯಾಡದ ಹಾಗೆ ಮುಚ್ಚಿಟ್ಟರೆ ಎರಡು ಮೂರು ವಾರ ಏನೂ ಆಗದು, ಹಾಗಾಗಿ ಡಿಸೆಂಬರಿನ ಎರಡನೇ ಭಾನುವಾರವೇ ಮುಗಿಸಿಕೊಳ್ಳಬಹುದು. ನೆವ್ರಿಗೆ ಈ ಸೌಕರ್ಯವಿಲ್ಲ. ಅದರ ಹೂರಣದ ತೆಂಗಿನ ತುರಿಯಲ್ಲಿ ಪಸೆ ಉಳಿದರೆ ಕಮಟು ವಾಸನೆ ಬರುತ್ತದೆ. ಮಾಡುವುದೇ ಆದರೆ ತುರಿ ಗರಿಗರಿಯಾಗುವಷ್ಟು ಹುರಿದುಕೊಳ್ಳಿ, ಹಬ್ಬಕ್ಕೆ ಎರಡು ದಿನ ಮುಂಚೆ ಮಾಡಿ.

ಹತ್ತು ವರ್ಷದ ಮಗಳಿಗೆ ಕಿಡಿಯೊ ಒತ್ತುವುದು ಎರಡು ವರ್ಷಕ್ಕೆ ಬೇಸರ ಬಂದೀತು. ಅವಳಿಗೆ ಗೋದಲಿಯನ್ನು ಪೂರ್ತಿ ಬಿಟ್ಟುಕೊಡಿ. ಪೂರ್ತಿ ಎಂದರೆ ಪೂರ್ತಿ: ಎಲ್ಲಿಡಬೇಕು, ಗುಡ್ಡ ಎಷ್ಟೆತ್ತರ, ಕುರಿಗಳು ಯಾವ ಕಡೆ, ಎಲ್ಲ ಅವಳದೇ ತೀರ್ಮಾನ. ಟಿ.ವಿ.ಯ ಕೆಳಗೆ ಇಟ್ಟರೂ ಸುಮ್ಮನಿರಿ. ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚೊ ಎಂಬ ಊರಿನಲ್ಲಿ ಕಟ್ಟಿಸಿದ ಗೋದಲಿಯಲ್ಲಿ ಇದ್ದದ್ದು ಒಂದು ಹುಲ್ಲಿನ ತೊಟ್ಟಿ, ಒಂದು ಜೀವಂತ ಎತ್ತು, ಒಂದು ಕತ್ತೆ. ಮಿಣುಕು ದೀಪದ ಸರ, ಹತ್ತಿಯ ಹಿಮ ಎಲ್ಲ ಆಮೇಲೆ ಬಂದು ಸೇರಿಕೊಂಡವು. ಹತ್ತಿಯ ಹಿಮದ ಬಗ್ಗೆ ನನಗೆ ಕೊಂಚ ತಕರಾರಿದೆ, ಆದರೆ ಅದು ನಿಮ್ಮ ಮಗಳ ಗೋದಲಿ, ನಾನು ಬಾಯಿ ಹಾಕುವುದಿಲ್ಲ.

ಹಸಿರಿಗೆ ಮಾತ್ರ ಪ್ಲಾಸ್ಟಿಕ್ ಹುಲ್ಲು ತರಬೇಡಿ. ರಾಗಿ ಬಿತ್ತಿ. ಒಂದು ಹಿಡಿ ರಾಗಿಯನ್ನು ರಾತ್ರಿ ನೆನೆಹಾಕಿ, ಡಿಸೆಂಬರ್ 12ರ ಸುಮಾರಿಗೆ ಚಪ್ಪಟೆ ತಟ್ಟೆಗಳಲ್ಲೋ ತೆಂಗಿನ ಚಿಪ್ಪುಗಳಲ್ಲೋ ತೆಳುವಾಗಿ ಮಣ್ಣು ಹಾಸಿ ಒತ್ತೊತ್ತಾಗಿ ಉದುರಿಸಿ. ಮೊಳಕೆ ಕಾಣುವವರೆಗೆ ಒದ್ದೆ ಗೋಣಿ ಮುಚ್ಚಿರಲಿ. ಆಮೇಲೆ ಕಿಟಕಿಯ ಹತ್ತಿರ ಇಟ್ಟು ದಿನಕ್ಕೆರಡು ಸಲ ನೀರು ಚಿಮುಕಿಸಿದರೆ 24ಕ್ಕೆ ಪುಟ್ಟ ಗದ್ದೆ ಸಿದ್ಧ. ಉತ್ತರ ಕರ್ನಾಟಕದ ಮನೆಗಳಲ್ಲಿ ನವರಾತ್ರಿಗೆ ಘಟದ (ಕಲಶದ) ಬುಡದಲ್ಲಿ ಧಾನ್ಯ ಬಿತ್ತುತ್ತಾರಲ್ಲ, ಹಾಗೆಯೇ. ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ ಡಿಸೆಂಬರ್ 4ರಂದು, ಸಂತ ಬಾರ್ಬರಾಳ ದಿನ, ಬಟ್ಟಲುಗಳಲ್ಲಿ ಗೋಧಿ ಬಿತ್ತಿ ಕ್ರಿಸ್ಮಸ್ ಮೇಜಿಗೆ ಇಡುತ್ತಾರೆ. ಪೈರು ನೆಟ್ಟಗೆ ಹಸಿರಾಗಿ ಬಂದರೆ ಆ ವರ್ಷ ಒಳ್ಳೆಯದು ಎಂಬ ನಂಬಿಕೆ. ಮಾಲ್ಟಾ ದ್ವೀಪದವರು ಕಾಳನ್ನು ಕತ್ತಲಲ್ಲೇ ಬೆಳೆಸಿ, ಬೆಳ್ಳಗೆ ಕೂದಲಿನ ಹಾಗೆ ಇಳಿಬಿದ್ದ ಮೊಳಕೆಯನ್ನು ಬಾಲಯೇಸುವಿನ ಸುತ್ತ ಇಡುತ್ತಾರೆ. ಬೇಕಿದ್ದರೆ ಒಂದು ಚಿಪ್ಪನ್ನು ಕಪಾಟಿನೊಳಗಿಟ್ಟು ಅದನ್ನೂ ನೋಡಿ, ಮಕ್ಕಳಿಗೆ ವಿಜ್ಞಾನದ ಪಾಠವೂ ಆಯಿತು.

ಗೋದಲಿಯಲ್ಲಿ ಮಗನಿಗೂ ಒಂದು ಪಾಲು ಇರಲಿ. ಮೂವರು ಅರಸರ ಗೊಂಬೆಗಳನ್ನು 24ರಂದೇ ಗುಡಿಸಲ ಮುಂದೆ ನಿಲ್ಲಿಸಬೇಡಿ. ಅವರು ಪೂರ್ವದಿಂದ ಬರಬೇಕಾದವರು, ದಾರಿ ದೂರ. ಅಡುಗೆಮನೆಯ ಕಟ್ಟೆಯ ಮೇಲಿಂದ ಹೊರಡಿಸಿ. ದಿನವೂ ಅವನು ಅವರನ್ನು ಒಂದೊಂದು ಮೊಳ ಮುಂದೆ ಸರಿಸಲಿ: ಫ್ರಿಜ್ಜಿನ ಮೇಲೆ, ಚಪ್ಪಲಿ ಸ್ಟ್ಯಾಂಡ್, ಸೋಫಾದ ತೋಳು. ಜನವರಿ 6ಕ್ಕೆ ಗೋದಲಿ ತಲುಪಿದರಾಯಿತು. ಬೈಬಲ್ಲಿನಲ್ಲಿ ಮೂವರು ಎಂದು ಎಲ್ಲೂ ಬರೆದಿಲ್ಲ, ಮತ್ತಾಯನು ಹೇಳುವುದು ಮೂರು ಕಾಣಿಕೆಗಳನ್ನು ಮಾತ್ರ ಎಂದು ಒಂದು ದಿನ ಅವನೇ ನಿಮಗೆ ಹೇಳುತ್ತಾನೆ, ನೋಡುತ್ತಿರಿ. ಇದರಿಂದ ಇನ್ನೊಂದು ಲಾಭ. 26ನೇ ತಾರೀಕು ಹಬ್ಬ ಧೊಪ್ಪೆಂದು ಬಿದ್ದುಹೋಗುವುದಿಲ್ಲ.

ಈಗ ಎರಡನೇ ಪ್ರಶ್ನೆ, ಕೆಟ್ಟ ವರ್ಷದ್ದು.

ನಮ್ಮ ಮನೆಯಲ್ಲಿ ಒಂದು ವರ್ಷ ಡಿಸೆಂಬರ್ 22ಕ್ಕೆ ನನ್ನ ಯಜಮಾನರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅದಕ್ಕೂ ಮುಂಚೆ ಆ ತಿಂಗಳು ಭಾರಿ ಉಮೇದಿನಲ್ಲಿ ಇಪ್ಪತ್ತನಾಲ್ಕು ಪುಟ್ಟ ಚೀಲ ಹೊಲಿದು, ದಿನಕ್ಕೊಂದು ಚೀಟಿ, ದಿನಕ್ಕೊಂದು ಚಟುವಟಿಕೆ ಎಂದು ಶುರು ಮಾಡಿದ್ದೆ. ಸತ್ಯ ಹೇಳಬೇಕೆಂದರೆ ಅದು ಒಂಬತ್ತನೇ ಚೀಲಕ್ಕೇ ನಿಂತಿತ್ತು, ಆಸ್ಪತ್ರೆಯ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. 24ರ ಸಂಜೆ ವಾರ್ಡಿನ ಬಾಗಿಲಲ್ಲಿ ಕೂತಿದ್ದಾಗ ಮನೆಯಿಂದ ಮಗ ಫೋನ್ ಮಾಡಿದ. ‘ಅಮ್ಮಾ, ನಕ್ಷತ್ರದ ಸ್ವಿಚ್ ಹಾಕಿದೆ’ ಎಂದ, ಅಷ್ಟೇ. ಪ್ರತಿ ವರ್ಷ ಆರೂವರೆಗೆ ಸ್ವಿಚ್ ಹಾಕುವುದು ಅವನ ಕೆಲಸ. ಕೇಕಿಲ್ಲ, ಕುಸ್ವಾರಿಲ್ಲ, ನಡುರಾತ್ರಿಯ ಬಲಿಪೂಜೆಗೆ ಹೋಗಲಾಗಲಿಲ್ಲ. ಆದರೂ ಆ ವರ್ಷ ನಮ್ಮ ಮನೆಯಲ್ಲಿ ಕ್ರಿಸ್ಮಸ್ ಆಗಲಿಲ್ಲ ಎಂದು ಅವನು ಇವತ್ತಿಗೂ ಹೇಳುವುದಿಲ್ಲ.

ಇದಕ್ಕೆ ಸಂಶೋಧನೆಯ ಬಲವೂ ಇದೆ. ಅಮೆರಿಕದಲ್ಲಿ ಸ್ಟೀವನ್ ವೋಲಿನ್, ಲಿಂಡಾ ಬೆನೆಟ್ ಮತ್ತು ಅವರ ಸಂಗಡಿಗರು 1980ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ತಂದೆಯೋ ತಾಯಿಯೋ ಕುಡಿತಕ್ಕೆ ಬಿದ್ದಿದ್ದ ಮನೆಗಳನ್ನು ನೋಡಿತು. ಮನೆಯ ಊಟ, ಹಬ್ಬ, ರಜೆಯ ಪದ್ಧತಿಗಳು ಕುಡಿತದ ನಡುವೆಯೂ ಕೆಡದೆ ನಡೆದುಕೊಂಡು ಬಂದಿದ್ದ ಕುಟುಂಬಗಳಲ್ಲಿ, ಆ ಚಟ ಮಕ್ಕಳಿಗೆ ದಾಟಿಕೊಳ್ಳುವುದು ಕಡಿಮೆ ಕಂಡುಬಂತು. ಹಬ್ಬ ಮಾಡಿದರೆ ಕುಡಿತ ಬಿಡುತ್ತದೆ ಎಂದು ಇದನ್ನು ತಿರುಚಬಾರದು. ಮನೆ ಅಲ್ಲಾಡುವಾಗ ಅಲ್ಲಾಡದೆ ನಿಂತ ಒಂದು ಸಂಗತಿಯನ್ನು ಮಕ್ಕಳು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ ಎಂಬಷ್ಟನ್ನು ಮಾತ್ರ ನಾನು ಇದರಿಂದ ತೆಗೆದುಕೊಂಡಿದ್ದೇನೆ. ಅಲ್ಲಾಡದೆ ನಿಲ್ಲಬೇಕಾದರೆ ಅದು ಸಣ್ಣದಾಗಿರಬೇಕು. ಇಪ್ಪತ್ತನಾಲ್ಕು ಚೀಲ ನಿಲ್ಲುವುದಿಲ್ಲ, ಸ್ವಿಚ್ ನಿಲ್ಲುತ್ತದೆ.

ಅದಕ್ಕೇ ಆಗಮನ ಕಾಲಕ್ಕೆ ದಿನಕ್ಕೊಂದರ ಬದಲು ವಾರಕ್ಕೊಂದು ಸಾಕು ಎನ್ನುತ್ತೇನೆ. ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ಭಾನುವಾರದಿಂದ ಶುರುವಾಗಿ ನಾಲ್ಕು ಭಾನುವಾರ, ನಾಲ್ಕು ಮೇಣದಬತ್ತಿ. ಈ ಮೇಣದಬತ್ತಿಯ ಚಕ್ರದ ಮೂಲ ಹ್ಯಾಂಬರ್ಗಿನ ಒಂದು ಬಡಮಕ್ಕಳ ಆಶ್ರಮ. 1839ರಲ್ಲಿ ಯೋಹಾನ್ ಹಿನ್ರಿಖ್ ವಿಖೆರ್ನ್ ಎಂಬ ಪಾದ್ರಿ, ‘ಕ್ರಿಸ್ಮಸ್ ಯಾವಾಗ, ಕ್ರಿಸ್ಮಸ್ ಯಾವಾಗ’ ಎಂದು ಪೀಡಿಸುತ್ತಿದ್ದ ಮಕ್ಕಳಿಗಾಗಿ ಗಾಡಿಯ ಚಕ್ರವೊಂದರ ಮೇಲೆ ಭಾನುವಾರಕ್ಕೆ ದೊಡ್ಡ ಬಿಳಿಯ ಬತ್ತಿ, ಉಳಿದ ದಿನಗಳಿಗೆ ಸಣ್ಣ ಕೆಂಪು ಬತ್ತಿ ನಿಲ್ಲಿಸಿದ. ನಿಮಗೆ ಚಕ್ರ ಬೇಡ. ಸ್ಟೀಲ್ ತಟ್ಟೆಯಲ್ಲಿ ಮರಳು ಹಾಕಿ ನಾಲ್ಕು ಬತ್ತಿ ಊರಿದರೆ ಸಾಕು: ಮೂರು ನೇರಳೆ, ಮೂರನೇ ಭಾನುವಾರಕ್ಕೊಂದು ಗುಲಾಬಿ. ರಾತ್ರಿ ಊಟಕ್ಕೆ ಮುಂಚೆ ಮಗ ಹಚ್ಚಲಿ, ಮಗಳು ಎರಡು ಸಾಲು ಓದಲಿ, ಇಬ್ಬರೂ ಸೇರಿ ಊದಿ ಆರಿಸಲಿ. ಐದು ನಿಮಿಷ. ಊದುವುದಕ್ಕೆ ಜಗಳವಾಗುತ್ತದೆ. ಆಗಲಿ.

ಸಾವಾದ ವರ್ಷ ಮಾಡಬಹುದೇ ಎಂದು ಕೇಳಿದ್ದೀರಿ. ಸಾವಾದ ಮನೆಯಲ್ಲಿ ಆ ವರ್ಷ ಕುಸ್ವಾರ್ ಮಾಡದಿರುವುದು ನಮ್ಮ ಎಷ್ಟೋ ಮನೆಗಳ ರೂಢಿ. ಬಂಧುಗಳು, ನೆರೆಯವರು ತಂದುಕೊಡುತ್ತಾರೆ. ಆ ರೂಢಿಯಲ್ಲಿ ಒಂದು ಕರುಣೆ ಇದೆ: ದುಃಖದಲ್ಲಿರುವವಳನ್ನು ಎಣ್ಣೆಯ ಬಾಣಲೆಯ ಮುಂದೆ ನಿಲ್ಲಿಸುವುದಿಲ್ಲ. ನಿಮ್ಮ ತಂದೆಗೆ ಅದು ಮುಖ್ಯವೆನಿಸಿದರೆ ಈ ವರ್ಷ ಕರಿಯುವುದು ಬೇಡ, ಬಾಚಣಿಗೆ ಮುಂದಿನ ವರ್ಷ ತಂದರಾಯಿತು. ಅವರನ್ನೇ ಕೇಳಿ. ಮಕ್ಕಳ ಎದುರಿಗೆ ಬೇಡ, ಇಬ್ಬರೇ ಇದ್ದಾಗ ಕೇಳಿ. ‘ಮಕ್ಕಳು ಮಾಡಲಿ ಬಿಡು’ ಎನ್ನಲೂಬಹುದು. ಹೇಗಿದ್ದರೂ ಗೋದಲಿಗೆ, ರಾಗಿಗೆ, ನಾಲ್ಕು ಬತ್ತಿಗೆ ಶೋಕ ಅಡ್ಡಬರುವುದಿಲ್ಲ. ಒಂದು ಬಲಿಪೂಜೆಯನ್ನು ನಿಮ್ಮ ತಾಯಿಯ ಹೆಸರಿನಲ್ಲಿ ಒಪ್ಪಿಸುವ ಏರ್ಪಾಡು ನೀವು ಈಗಾಗಲೇ ಮಾಡಿರುತ್ತೀರಿ. 24ರ ರಾತ್ರಿ ಮೇಜಿನ ಮೇಲೆ ಆ ಹೆಚ್ಚಿನ ತಟ್ಟೆ ಇಡಿ. ಯಾಕೆ ಎಂದು ಮಗ ಕೇಳುತ್ತಾನೆ. ಅಜ್ಜ ಉತ್ತರ ಹೇಳಲಿ, ನೀವು ಹೇಳಬೇಡಿ.

ಅಂದಹಾಗೆ ನಿಮ್ಮ ಮನೆಯಲ್ಲಿ ಈಗ ಇರುವ ದೊಡ್ಡ ಆಸ್ತಿ ಆ ಅಜ್ಜನೇ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಷ್ ಎಂಬ ಮನೋವಿಜ್ಞಾನಿಗಳು ಇಪ್ಪತ್ತು ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ದರು. ಅಜ್ಜ ಅಜ್ಜಿ ಎಲ್ಲಿ ಬೆಳೆದರು ಗೊತ್ತೇ, ಅಪ್ಪ ಅಮ್ಮ ಹೇಗೆ ಭೇಟಿಯಾದರು ಗೊತ್ತೇ, ಮನೆಯಲ್ಲಿ ನಡೆದ ಕಷ್ಟದ ಸಂಗತಿ ಏನಾದರೂ ಗೊತ್ತೇ ಎಂಬಂಥವು. ಹೆಚ್ಚು ಉತ್ತರ ಗೊತ್ತಿದ್ದ ಮಕ್ಕಳಲ್ಲಿ ಆತ್ಮವಿಶ್ವಾಸ ಹೆಚ್ಚಿತ್ತು, ಕುಟುಂಬ ಚೆನ್ನಾಗಿ ನಡೆಯುತ್ತಿದೆ ಎಂಬ ಭಾವನೆಯೂ ಗಟ್ಟಿಯಾಗಿತ್ತು. ಕತೆಗಳನ್ನು ಬಾಯಿಪಾಠ ಮಾಡಿಸಿದರೆ ಆಗುವಂಥದ್ದಲ್ಲ. ಅವು ಊಟದ ಮೇಜಿನಲ್ಲಿ, ಕಿಡಿಯೊ ಒತ್ತುವ ನೆಲದ ಮೇಲೆ, ಕೈ ಕೆಲಸದಲ್ಲಿದ್ದಾಗ ತಾವಾಗಿ ಬರುತ್ತವೆ. ಬೇಕೆಂದೇ ನೆಲದ ಮೇಲೆ ಕೂರಿಸಿದ್ದು ಅದಕ್ಕೇ. ಮಂಡಿನೋವಿದ್ದರೆ ಅಜ್ಜನಿಗೆ ಒಂದು ಕುರ್ಚಿ ಹಾಕಿ.

ಒಂದು ನೋಟ್‌ಬುಕ್ ಕೊಳ್ಳಿ, ಇನ್ನೂರು ಪುಟದ್ದು, ಗಟ್ಟಿ ರಟ್ಟಿನದು. ಪ್ರತಿ ವರ್ಷ ಡಿಸೆಂಬರ್ 25ರ ರಾತ್ರಿ ಅರ್ಧ ಪುಟ ಬರೆಯಿರಿ. ಯಾರು ಬಂದಿದ್ದರು, ಏನು ಸೀದುಹೋಯಿತು, ಯಾರು ಅತ್ತರು, ಮಳೆ ಬಂತೇ. ಬರೆಯುವವರು ವರ್ಷಕ್ಕೊಬ್ಬರು. ಮೊದಲ ಪುಟಗಳನ್ನು ಅಮ್ಮನ ಅಳತೆಗಳಿಗೆ ಬಿಡಿ. ಸೇರು, ಪಾವು, ಹಿಡಿ, ಚಿಟಿಕೆ ಎಂದು ಅವರು ಹೇಗೆ ಹೇಳುತ್ತಿದ್ದರೋ ಹಾಗೆಯೇ ಬರೆದು ಪಕ್ಕದಲ್ಲಿ ಗ್ರಾಂ ಹಾಕಿಕೊಳ್ಳಿ. ನಿಮಗೆ ನೆನಪಿಲ್ಲದ್ದು ನಿಮ್ಮ ಚಿಕ್ಕಮ್ಮನಿಗೋ ಅತ್ತಿಗೆಗೋ ನೆನಪಿರುತ್ತದೆ. ಈಗಲೇ ಫೋನ್ ಮಾಡಿ, ಡಿಸೆಂಬರಿನಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ.

ನಿಮ್ಮ ಯಜಮಾನರ ಮನೆಯ ಪದ್ಧತಿ ಏನು ಎಂದು ಪತ್ರದಲ್ಲಿ ಒಂದು ಮಾತೂ ಇಲ್ಲ. ಒಂದಾದರೂ ಅವರ ಕಡೆಯದು ಸೇರಲಿ, ಅದು ಊಟದ ಒಂದು ಬಗೆಯಾದರೂ ಸರಿ. ಇಲ್ಲದಿದ್ದರೆ ಹತ್ತು ವರ್ಷದ ಮೇಲೆ ಅವರು ಮನೆಯ ಹಬ್ಬಕ್ಕೆ ಅತಿಥಿಯಾಗಿ ಉಳಿದಿರುತ್ತಾರೆ. ಇಂಥ ಗಂಡಸರನ್ನು ನಾನು ಬಹಳ ನೋಡಿದ್ದೇನೆ.

ಅಕ್ಕಪಕ್ಕದ ಫ್ಲ್ಯಾಟಿಗೆ ತಟ್ಟೆ ಒಯ್ಯುವುದು ಮಕ್ಕಳದೇ ಕೆಲಸವಾಗಿರಲಿ. ಮನೆಯಲ್ಲಿ ಮಾಡಿದ್ದು ಒಂದೇ ಬಗೆಯಾದರೆ ಉಳಿದದ್ದು ಬೇಕರಿಯಿಂದ ಬರಲಿ, ಅದರಲ್ಲಿ ನಾಚಿಕೆ ಏನಿಲ್ಲ. ತಟ್ಟೆಯ ಮೇಲೆ ಅಮ್ಮನ ಕ್ರೋಶಾ ಬಟ್ಟೆ ಇದ್ದರೆ ಹೊದಿಸಿ. ತಟ್ಟೆ ಖಾಲಿ ವಾಪಸ್ ಕೊಡಬಾರದೆಂಬುದು ನಮ್ಮ ರಾಜ್ಯದ ಎಲ್ಲ ಜಾತಿ ಮತದ ಮನೆಗಳಿಗೂ ಗೊತ್ತು. ಸಂಕ್ರಾಂತಿಗೆ ಅದೇ ತಟ್ಟೆಯಲ್ಲಿ ಎಳ್ಳು ಬೆಲ್ಲ ಬಂದೀತು.

ಏನು ಬೇಡ ಎಂಬುದನ್ನೂ ಹೇಳಿಬಿಡುತ್ತೇನೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಜಾಗ ಬದಲಿಸಬೇಕಾದ ಅಮೆರಿಕದ ಆ ತುಂಟ ಗೊಂಬೆ (ಎಲ್ಫ್ ಆನ್ ದ ಶೆಲ್ಫ್) ಬೇಡ. ಇಪ್ಪತ್ತನಾಲ್ಕು ರಾತ್ರಿ ನಿಮಗೆ ಕೆಲಸ, ಮಕ್ಕಳಿಗೆ ಏನೂ ಇಲ್ಲ. ಎಲ್ಲರಿಗೂ ಒಂದೇ ಥರದ ಪೈಜಾಮ ಫೋಟೊಗೆ ಚಂದ, ಬೇಕಾದರೆ ಹಾಕಿಕೊಳ್ಳಿ, ಸಂಪ್ರದಾಯ ಎಂದು ಕರೆಯಬೇಡಿ. ಉಡುಗೊರೆ ಒಬ್ಬರಿಗೆ ಒಂದೇ. ಐಸ್‌ಲ್ಯಾಂಡಿನವರು 24ರ ರಾತ್ರಿ ಪುಸ್ತಕಗಳನ್ನೇ ಕೊಟ್ಟುಕೊಂಡು ಓದುತ್ತ ಮಲಗುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೇರೆ ಸಾಮಾನು ಸಿಗುವುದು ಕಷ್ಟವಾಗಿ, ಕಾಗದ ಮಾತ್ರ ಸಿಗುತ್ತಿದ್ದುದರಿಂದ ಬೆಳೆದ ಅಭ್ಯಾಸ ಅದು. ಹತ್ತು ವರ್ಷದ ಮಗಳಿರುವ ಮನೆಗೆ ಚೆನ್ನಾಗಿ ಹೊಂದುತ್ತದೆ. ಮಾಲ್‌ನ ಸಾಂತಾ ಜತೆ ಫೋಟೊ ತೆಗೆಸಿಕೊಂಡರೆ ತೆಗೆಸಿಕೊಳ್ಳಲಿ ಬಿಡಿ, ಅವನೊಂದಿಗೆ ನಿಮಗೆ ಪೈಪೋಟಿ ಏನೂ ಇಲ್ಲ.

ಎಲ್ಲವನ್ನೂ ಈ ವರ್ಷವೇ ಮಾಡಲು ಕೂರಬೇಡಿ. ನಾನಾದರೆ ಈ ಡಿಸೆಂಬರಿಗೆ ಬತ್ತಿ, ರಾಗಿಯ ಗೋದಲಿ, ನೋಟ್‌ಬುಕ್ಕು ಇಷ್ಟನ್ನೇ ಇಟ್ಟುಕೊಳ್ಳುತ್ತಿದ್ದೆ.

ಇನ್ನು ಅಚ್ಚು. ತುಕ್ಕು ಹಿಡಿದ ಕಬ್ಬಿಣ ಹಾಳಾದ ಕಬ್ಬಿಣವಲ್ಲ. ಒಂದು ನಿಂಬೆ ಗಾತ್ರದ ಹುಣಸೆಹಣ್ಣು ನೆನೆಸಿದ ನೀರಿನಲ್ಲಿ ಒಂದೆರಡು ಗಂಟೆ ಮುಳುಗಿಸಿಡಿ. ತೆಂಗಿನ ನಾರಿನಿಂದ ಉಜ್ಜಿ, ಹೂವಿನ ಸಂದಿಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಹಾಕಿ. ಕೆಂಪು ನೀರು ಬರುವುದು ನಿಲ್ಲುವವರೆಗೆ ತೊಳೆದು, ಬಟ್ಟೆಯಲ್ಲಿ ಒರೆಸಿ, ಕೂಡಲೇ ಸಣ್ಣ ಉರಿಯ ಮೇಲೆ ಹಿಡಿದು ಪೂರ್ತಿ ಒಣಗಿಸಿ. ತಡಮಾಡಿದರೆ ಮತ್ತೆ ತುಕ್ಕು ಏರುತ್ತದೆ. ಬಿಸಿ ಇರುವಾಗಲೇ ತೆಂಗಿನೆಣ್ಣೆ ಸವರಿ, ರಾತ್ರಿಯಿಡೀ ಎಣ್ಣೆಯ ಬಟ್ಟಲಿನಲ್ಲೇ ಬಿಡಿ. ಮುಂದೆ ಎತ್ತಿಡುವಾಗಲೂ ಸೋಪು ಹಾಕದೆ, ಎಣ್ಣೆ ಒರೆಸಿ, ಕಾಗದದಲ್ಲಿ ಸುತ್ತಿಡಿ.

ಕೊಕ್ಕಿಸಾಂ ಮಾಡುವ ದಿನ ಅಚ್ಚನ್ನು ಕಾದ ಎಣ್ಣೆಯಲ್ಲಿ ಐದು ನಿಮಿಷ ಬಿಡಿ. ಹಿಟ್ಟಿಗೆ ಅದ್ದುವಾಗ ಮುಕ್ಕಾಲು ಮುಳುಗಿದರೆ ಸಾಕು. ಹಿಟ್ಟು ಅಚ್ಚಿನ ಮೇಲಂಚನ್ನು ದಾಟಿತೋ, ಹೂವು ಬಿಡಿಸಿಕೊಳ್ಳುವುದಿಲ್ಲ. ಎಷ್ಟೇ ಜೋಪಾನ ಮಾಡಿದರೂ ವರ್ಷಗಟ್ಟಲೆ ಬಿದ್ದಿದ್ದ ಅಚ್ಚಿನಲ್ಲಿ ಮೊದಲ ಮೂರು ನಾಲ್ಕು ಅಂಟಿಕೊಂಡು ಚೂರು ಚೂರಾಗಿಯೇ ಬರುತ್ತವೆ. ನಿಮ್ಮ ತಾಯಿಗೂ ಹಾಗೆಯೇ ಬರುತ್ತಿತ್ತು, ಆ ಚೂರುಗಳನ್ನು ಬಾಣಲೆಯ ಪಕ್ಕದಲ್ಲಿ ನಿಂತು ತಿಂದವರು ನೀವೇ ಇರಬೇಕು. ಐದನೆಯದಕ್ಕೆ ಅಚ್ಚನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ.